ಜಿದೆಲಿಯ ಪಟಗಳು – ೯: ತಲೆ ಯಾರ ಮುಂದಿತ್ತು?

“ಮುಖಗಳನ್ನ ಆಮೇಲೆ ನೋಡು. ತಲೆ ಯಾರ ಮುಂದಿದೆ ಅಂತ ಮೊದ್ಲು ಹೇಳು.”

ಕುಲ್ಯಾಶ್ ಅಪ್ಕೆ ಒದ್ದೆ ಪಟವನ್ನು ದಾರಕ್ಕೆ ಸಿಕ್ಕಿಸಿ ಕನ್ನಡಕವನ್ನು ಹಣೆಗೇರಿಸಿದರು. ಮೂವತ್ತೊಂದು ವರ್ಷ ಜಿಲ್ಲೆಯ ಪಾಸ್‌ಪೋರ್ಟ್ ಕಚೇರಿಯಲ್ಲಿ ಕೂತು, ಜನರ ಮುಖವನ್ನೂ ಅವರು ತಂದ ಪಟವನ್ನೂ ತಾಳೆ ನೋಡಿದ ಹೆಂಗಸು; ಊರಿಗೆಲ್ಲ ಅಪ್ಕೆ, ಅಂದರೆ ಅಕ್ಕ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಎದುರಿಗೆ ಬಂದವರನ್ನು ಈಗಲೂ ಮೊದಲು ನೇರವಾಗಿ, ಆಮೇಲೆ ಪಕ್ಕದಿಂದ ನೋಡುತ್ತಾರೆ.

ನಮ್ಮ ವಾಚನಾಲಯದ ಗೋಡೆಯಿಂದ ಈ ಪಟ ಕಳುವಾಗಿ ಹನ್ನೊಂದು ದಿನ. ಇದರ ನೆಗೆಟಿವ್ ಸಿಕ್ಕಿದ್ದು ನಿನ್ನೆ.

“ಬೈಸಾಲ್ ಅತಾ ಮುಂದೆ,” ಅಂದೆ. ಊರಿನ ಅಜ್ಜಂದಿರನ್ನೆಲ್ಲ ನಾವು ಅತಾ ಅನ್ನುತ್ತೇವೆ. ಪಟದ ಕೆಳಗೆ ಚೀಟಿ ಬರೆದು ಅಂಟಿಸಿದವನು ನಾನೇ: ‘ಊರ ಹಿರಿಯ ಬೈಸಾಲ್, ಅಣೆಕಟ್ಟೆಯ ಅಧಿಕಾರಿಗಳ ಜೊತೆ ಊಟಕ್ಕೆ ಕುಳಿತಿರುವುದು.’

“ಬೈಸಾಲ್ ಅಂತ ಹೆಂಗೆ ಗೊತ್ತು?”

“ತಲೆ ಹಿರಿಯರ ಮುಂದೆ ತಾನೇ ಇಡೋದು?”

“ಅಂದ್ರೆ ನೀನು ಮುಖ ನೋಡ್ಲಿಲ್ಲ ಜಾನಬಿಲ್. ತಟ್ಟೆ ನೋಡಿ ಹೆಸರು ಬರೆದೆ.”

ತಪ್ಪೊಪ್ಪಿಕೊಳ್ಳಬೇಕಾಯಿತು. ಆದರೆ ನಮ್ಮ ಜನರಲ್ಲಿ ಬೇರೆ ಯಾರಿದ್ದರೂ ಅದೇ ತಪ್ಪು ಮಾಡುತ್ತಿದ್ದರು. ಬೇಯಿಸಿದ ಕುರಿಯ ತಲೆ ಯಾರ ಮುಂದಿದೆಯೋ ಅವನೇ ಪಂಕ್ತಿಗೆ ದೊಡ್ಡವನು. ಇದನ್ನು ತಿಳಿಯಲು ಅಕ್ಷರ ಬೇಕಿಲ್ಲ, ಹಸಿವಿದ್ದರೆ ಸಾಕು.

ಪಟ ಒಣಗುತ್ತ ಬಂದಂತೆ ಹಳೆಯ ಜಿದೆಲಿ ಬೆಳಕಿಗೆ ಬಂತು. ಆ ಊರು ನೀರಿನಡಿ ಹೋಗಿ ಐವತ್ತು ವರ್ಷ. ಶಾಲೆ, ಮಸೀದಿ, ಹಿಟ್ಟಿನ ಗಿರಣಿ, ಮಣ್ಣಿನ ತೊಂಬತ್ತು ಮನೆಗಳು, ಎಲ್ಲದರ ಮೇಲೂ ಈಗ ಪಟ್ಟಣದ ಜನ ಮೀನು ಹಿಡಿಯುತ್ತಾರೆ. ಉಳಿದದ್ದು ನನ್ನ ವಾಚನಾಲಯದ ಈ ಹಿಂದಿನ ಕೋಣೆ: ಜನ ಹಿಟ್ಟಿನ ಚೀಲದಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ, ಅಜ್ಜಿಯ ತಲೆವಸ್ತ್ರದಲ್ಲಿ ಸುತ್ತಿ ತಂದುಕೊಟ್ಟ ನಾನೂರು ಪಟಗಳು, ಗ್ರಾಮಸಭೆಯ ಮೂರು ದಾಖಲೆ ಪುಸ್ತಕಗಳು. ಪಟ ಕೊಡುವಾಗ ಎಲ್ಲರೂ ಒಂದೇ ಮಾತು ಹೇಳುತ್ತಾರೆ: “ಇದರಲ್ಲಿ ವಿಶೇಷ ಏನಿಲ್ಲಪ್ಪ.” ಆಮೇಲೆ ಎರಡು ಗಂಟೆ ಏಳುವುದಿಲ್ಲ.

ಈ ಪಟ ತೆಗೆದವರು ಬೆಕ್ಕರ್ ಮೇಷ್ಟ್ರು. ಯುದ್ಧಕಾಲದಲ್ಲಿ ಸರ್ಕಾರ ರೈಲಿಗೆ ತುಂಬಿ ನಮ್ಮ ಕಡೆ ತಂದು ಸುರಿದ ಜರ್ಮನರ ಪೈಕಿ ಒಬ್ಬರು. ಲೆಕ್ಕ ಕಲಿಸುತ್ತಿದ್ದರು, ಬಿಡುವಿನಲ್ಲಿ ಊರಿನ ಮದುವೆ ಮುಂಜಿಗಳ ಪಟ ತೆಗೆಯುತ್ತಿದ್ದರು. ಅವರ ಮಕ್ಕಳು ಜರ್ಮನಿಗೆ ಹೊರಟಾಗ ತಗಡಿನ ಎರಡು ಪೆಟ್ಟಿಗೆಗಳನ್ನು ಇಲ್ಲೇ ಬಿಟ್ಟರು. ಜೊತೆಗೆ ಮೇಷ್ಟ್ರ ನೋಟುಬುಕ್ಕು. ಒಂದೊಂದು ಪಟಕ್ಕೂ ಸಂಖ್ಯೆ, ತಾರೀಖು, ಷರಾ.

‘212. ಶುಕ್ರವಾರ, 3 ಅಕ್ಟೋಬರ್ 1969. ಊಟ. ಬೆಳಕು ಸಾಲದು. ಎಂಜಿನಿಯರ್ ತಲೆಯನ್ನು ನೋಡಿ ಎರಡು ಸಲ ಕಣ್ಣು ಮುಚ್ಚಿದ.’

ಪಟದಲ್ಲೂ ಪಟ್ಟಣದ ಎಂಜಿನಿಯರ್ ಸೂರು ನೋಡುತ್ತ ಕೂತಿದ್ದ. ಗೌರವಕ್ಕೆಂದು ಮೊದಲು ಅತಿಥಿಯ ಮುಂದಿಟ್ಟ ತಲೆಯನ್ನು ಆತ ಪಕ್ಕಕ್ಕೆ ತಳ್ಳಿದ್ದು ಸ್ಪಷ್ಟ. ಅದು ಬೈಸಾಲ್ ಅತಾ ಕೂರುತ್ತಿದ್ದ ಜಾಗಕ್ಕೆ ಬಂದಿತ್ತು. ಅಲ್ಲಿ ಟೋಪಿಯ ನೆರಳಿನಲ್ಲಿ ಮುಖ ಮುಳುಗಿಸಿಕೊಂಡ ಗಡ್ಡದವನೊಬ್ಬ ಕೈಯಲ್ಲಿ ಚಾಕು ಹಿಡಿದಿದ್ದ.

ನಾನು ಆತನನ್ನು ನೋಡುತ್ತಿರಲಿಲ್ಲ. ಗೋಡೆಯಲ್ಲಿದ್ದ ಹಳೆ ಪಟದ ಅಂಚು ಕತ್ತರಿಸಿ ಹೋಗಿತ್ತು. ನೆಗೆಟಿವಿನಲ್ಲಿ ಇಡೀ ಕೋಣೆ ಇತ್ತು. ಬಲತುದಿಯ ಬಾಗಿಲಲ್ಲಿ ಚಹಾದ ನೀರು ಕಾಯಿಸುವ, ಹೊಗೆಯಾಡುವ ಸಮೋವಾರ್ ಹೊತ್ತು ನಿಂತ ಹುಡುಗಿಯಂಥ ಹೆಂಗಸು. ತಲೆವಸ್ತ್ರ ಜಾರಿದೆ, ನಗು ತಡೆಯುತ್ತಿದ್ದಾಳೆ.

“ಅಮ್ಮ,” ಅಂದೆ.

ಅಮ್ಮ ಅಷ್ಟು ನಗುತ್ತಿದ್ದಳು ಅಂತ ನನಗೆ ಯಾರೂ ಹೇಳಿರಲಿಲ್ಲ. ನನಗಾಗ ನಾಲ್ಕು ವರ್ಷ. ಅದೇ ಅಕ್ಟೋಬರಿನಲ್ಲಿ ಅಪ್ಪ ಊರಿನ ಮೊದಲ ಲಾರಿ ಓಡಿಸಿಕೊಂಡು ಹೊರಟ. ಲಾರಿ ಬಂತು, ಅಪ್ಪ ಬರಲಿಲ್ಲ. ಪಟ್ಟಣದಲ್ಲಿ ಇನ್ನೊಂದು ಸಂಸಾರ ಅಂತ ಕೆಲವರು, ಗಣಿ ಸೇರಿದ ಅಂತ ಕೆಲವರು. ಸತ್ತ ಅಂತ ಮಾತ್ರ ಯಾರೂ ಹೇಳಲಿಲ್ಲ. ನಾನೂರು ಪಟದಲ್ಲಿ ಅಪ್ಪನದು ಒಂದೂ ಇಲ್ಲ. ಅಮ್ಮ ಆಮೇಲೆ ಶುಕ್ರವಾರಗಳಲ್ಲಿ ಬೈಸಾಲ್ ಅತಾ ಗೋರಿಗೆ ಹೋಗುವುದನ್ನು ಹಿಡಿದಳು. “ಅವರು ಊರಿಗೇ ತಂದೆ ಕಣೋ” ಅನ್ನುತ್ತಿದ್ದಳು. ಸಾಯುವವರೆಗೂ ಬಿಡಲಿಲ್ಲ.

“ಅತ್ತಿದ್ದು ಸಾಕು, ಪಟ ಮತ್ತೆ ಒದ್ದೆ ಆಗುತ್ತೆ,” ಅಪ್ಕೆ ಭೂತಗನ್ನಡಿ ಕೊಟ್ಟರು. “ಈಗ ಚಾಕು ಹಿಡಿದವನ ಕಿವಿ ನೋಡು. ಎಡಗಿವಿ.”

ಕಿವಿಯ ಮೇಲ್ತುದಿ ಇರಲಿಲ್ಲ. ಇಲಿ ಕಡಿದ ರೊಟ್ಟಿಯ ಹಾಗೆ.

“ಸೈನ್ಯದಲ್ಲಿದ್ದಾಗ ಹಿಮ ತಿಂದಿದ್ದು. ಎಪ್ಪತ್ತೇಳರಲ್ಲಿ ಇವನಿಗೆ ಪಾಸ್‌ಪೋರ್ಟ್ ಬರೆದುಕೊಟ್ಟವಳೇ ನಾನು. ಮುಖ ಮರೀಬಹುದು, ಕಿವಿ ಮರೆಯಲ್ಲ. ಇವನು ಬೈಸಾಲ್ ಅಲ್ಲ ಕಣೋ, ಬೈಸಾಲನ ಮಗ ಸೆಯಿಲ್ಖಾನ್.”

ನಾನು ಭೂತಗನ್ನಡಿಯನ್ನು ಕಿವಿಯಿಂದ ಚಾಕುವಿನ ಕಡೆಗೆ ಸರಿಸಿದೆ.

ತಂದೆ ಬದುಕಿರುವವನು ತಲೆಗೆ ಚಾಕು ಹಾಕುವುದಿಲ್ಲ. ತಂದೆ ಎದುರಿಗಿರಲಿ, ನೂರು ಹರದಾರಿ ದೂರವಿರಲಿ, ಹಾಕುವುದಿಲ್ಲ. ಮಗನ ಗಡ್ಡ ಬೆಳ್ಳಗಾದರೂ ಅವನ ಪಾಲಿಗೆ ಕಿವಿಯೇ ಗತಿ. ಅದು ಎಳೆಯರಿಗೆ ಕೊಡುವ ತುಂಡು. ನನಗೀಗ ಐವತ್ತನಾಲ್ಕು. ಅಪ್ಪ ಸತ್ತ ಸುದ್ದಿ ಬರದ ಕಾರಣ ಯಾರ ಮನೆಗೆ ಹೋದರೂ ಇವತ್ತಿಗೂ ಕಿವಿಯೇ ಇಡುತ್ತಾರೆ. ಅದರ ರುಚಿ ನನ್ನಷ್ಟು ಬಲ್ಲವರು ಜಿಲ್ಲೆಯಲ್ಲಿಲ್ಲ.

“ಹಾಗಾದ್ರೆ ಅಕ್ಟೋಬರ್ ಮೂರಕ್ಕೇ ಬೈಸಾಲ್ ಅತಾ...”

“ಇರಲಿಲ್ಲ,” ಅಪ್ಕೆ ತಮ್ಮ ಚೀಲದಿಂದ ಇನ್ನೊಂದು ಕಾಗದ ತೆಗೆದರು. “ಮತ್ತೆ ಅಕ್ಟೋಬರ್ ಇಪ್ಪತ್ತಕ್ಕೆ ಇದಕ್ಕೆ ಸಹಿ ಹಾಕಿದ್ಯಾರು? ದೆವ್ವಾನಾ?”

ಆ ಕಾಗದ ಊರಿಗೆಲ್ಲ ಬಾಯಿಪಾಠ. ‘ಜಿದೆಲಿಯ ಸಮಸ್ತ ಗೋರಿಗಳನ್ನು ಹೊಸ ಜಾಗಕ್ಕೆ ಸ್ಥಳಾಂತರಿಸಲಾಗಿದೆ. ಸಹಿ: ಹಿರಿಯ ಬೈಸಾಲ್.’ ಒಂದು ಗೋರಿಯನ್ನೂ ಮುಟ್ಟಿರಲಿಲ್ಲ. ಎಂಟು ವರ್ಷದ ಹಿಂದೆ ಬರ ಬಂದು ನೀರಿಳಿದಾಗ ಕೆಸರಿನಲ್ಲಿ ಗೋರಿಕಲ್ಲುಗಳು ಹಲ್ಲಿನಂತೆ ಎದ್ದು ನಿಂತವು. ಯಾರೋ ಜಿಲ್ಲಾ ಕಡತದಿಂದ ಈ ಕಾಗದ ಹುಡುಕಿ ತಂದರು. ಅವತ್ತಿನಿಂದ ಬೈಸಾಲ್ ಎಂದರೆ ಸ್ವಂತ ಅಪ್ಪ ಅಮ್ಮಂದಿರನ್ನು ಮುಳುಗಿಸಿದವನು.

ಅದನ್ನು ಉಂಡದ್ದು ಅವರ ಮಗಳು ಬಾತಿಮಾ. ಶುಕ್ರವಾರ ಸತ್ತವರ ಹೆಸರಿನಲ್ಲಿ ಏಳು ರೊಟ್ಟಿ ಕರಿದು ನೆರೆಮನೆಗಳಿಗೆ ಹಂಚುವುದು ನಮ್ಮಲ್ಲಿ ಎಲ್ಲ ಹೆಂಗಸರೂ ಮಾಡುವ ಕೆಲಸ. ಬಾತಿಮಾಳ ರೊಟ್ಟಿಗೆ ಬಾಗಿಲು ತೆರೆಯುವುದು ನಿಂತುಹೋಯಿತು. ಎಪ್ಪತ್ತೆರಡರ ಮುದುಕಿ ಈಗಲೂ ಏಳೇ ಕರಿಯುತ್ತಾಳೆ.

ಭಾನುವಾರ ನೀರಿನ ದಡದಲ್ಲಿ ಹಳೆಯ ಜಿದೆಲಿಯ ಹಿರಿಯರ ಹೆಸರಿನ ಕಲ್ಲು ನಿಲ್ಲಲಿದೆ. ಹದಿಮೂರು ಹೆಸರು, ಬೈಸಾಲ್ ಹೆಸರಿಲ್ಲ. ಕಲ್ಲುಕುಟಿಗ ಇವತ್ತು ಸಂಜೆ ಹೊರಡುತ್ತಾನೆ. ಕೊನೆಯಲ್ಲಿ ಒಂದು ಸಾಲಿನ ಜಾಗ ಖಾಲಿ ಬಿಟ್ಟಿದ್ದಾನೆ, ಬಾತಿಮಾ ಕಾಲು ಹಿಡಿದಿದ್ದಕ್ಕೆ.

“ಸ್ವಂತ ಮಗಳಿಗೇ ತಂದೆ ಸತ್ತ ದಿನ ಗೊತ್ತಿಲ್ಲ ಅಂದ್ರೆ?” ಕೇಳಿದೆ.

“ಆಗ ಅವಳು ಚೊಚ್ಚಲ ಬಸುರಿ, ಗಂಡನ ಊರಲ್ಲಿದ್ಳು. ಬಸುರಿಗೆ ಸಾವಿನ ಸುದ್ದಿ ಹೇಳ್ತಾರಾ? ಮಗುಗೆ ನಲವತ್ತು ದಿನ ತುಂಬಿದ ಮೇಲೆ ಹೇಳಿದ್ರು. ತಾರೀಖು ದಾಖಲೆ ಪುಸ್ತಕದಲ್ಲಿ ಇದ್ದಿದ್ದೇ ಸತ್ಯ. ಉಳಿದೋರು ಮೂರು ಕಡೆ ಚದುರಿದ್ರು. ಈಗ ಅವರೂ ಇಲ್ಲ.”

ದಾಖಲೆ ಪುಸ್ತಕ ಕಪಾಟಿನಲ್ಲೇ ಇತ್ತು. ‘ಹೊಸ ಖಬರಸ್ತಾನದ ಮೊದಲ ಮಣ್ಣು: ಬೈಸಾಲ್, 27 ಅಕ್ಟೋಬರ್ 1969.’ ದುಂಡಗಿನ ಅಕ್ಷರ. ಗ್ರಾಮಸಭೆಯ ಅಂದಿನ ಗುಮಾಸ್ತ ಓಮಿರ್ಜಾಕ್ ಅತಾರದು. ಅವರಿಗೀಗ ಎಂಬತ್ತಮೂರು, ಊರಿಗೆ ಅವರೇ ಹಿರಿಯರು. ನನ್ನ ಪಟಗಳ ಅರ್ಧ ಚೀಟಿಗಳನ್ನು ಅವರು ಹೇಳಿದರು, ನಾನು ಬರೆದೆ. ಈ ಚೀಟಿಯಲ್ಲಿ ನಾನು ಊಹಿಸಿದ ಹೆಸರಿಗೆ ಹೂಂ ಅಂದವರೂ ಅವರೇ.

“ಇನ್ನು ಕಳ್ಳ,” ಅಪ್ಕೆ ಕಿಟಕಿಯ ಹಲಗೆಯ ಕಡೆ ನೋಡಿದರು.

ಪಟ ಹೋದ ದಿನ ಅಲ್ಲಿ ಒಂದು ಹಿಡಿ ಒಣಗಿದ ಜಿದೆ ಹಣ್ಣು ಇತ್ತು. ಖರ್ಜೂರದ ಬಡ ತಮ್ಮನಂಥ ಹಿಟ್ಟುಹಿಟ್ಟು ಹಣ್ಣು. ಊರಿಗೆ ಹೆಸರು ಬಂದದ್ದೇ ಅದರಿಂದ. ಒಬ್ಬರ ಪಾತ್ರೆ ತಂದರೆ ಖಾಲಿ ಹಿಂತಿರುಗಿಸಬಾರದು, ಒಬ್ಬರ ಮನೆಯಿಂದ ವಸ್ತು ಒಯ್ದರೆ ಆ ಜಾಗ ಬರಿದು ಬಿಡಬಾರದು. ಹಳಬರ ರೀತಿ.

“ಕದಿಯೋವಾಗ್ಲೂ ಮರ್ಯಾದೆ ಬಿಡದ ಕಳ್ಳ. ವಯಸ್ಸು ಎಂಬತ್ತು ದಾಟಿದೆ ಅಂತ ಅವತ್ತೇ ಹೇಳಿದ್ನಲ್ಲ? ನಡಿ.”

“ಆ ಹಣ್ಣು ಊರೆಲ್ಲ ತಿನ್ನುತ್ತೆ ಅಪ್ಕೆ. ಅದೇ ಸಾಕ್ಷಿ ಅಂದ್ರೆ ನಗ್ತಾರೆ.”

“ಸಾಕ್ಷಿ ಒಲೆ ಮೇಲಿದೆ.”

ಆಗಲೇ ನನಗೆ ಆ ವಾಸನೆಯ ಅರ್ಥ ಹೊಳೆದದ್ದು. ಬೆಳಿಗ್ಗೆಯಿಂದ ಅವರು ಹಿತ್ತಲ ಒಲೆಯಲ್ಲಿ ಕುರಿಯ ತಲೆಯೊಂದನ್ನು ಬೇಯಿಸುತ್ತಿದ್ದರು. ನಾನು ಮಧ್ಯಾಹ್ನದ ಊಟ ಎಂದುಕೊಂಡಿದ್ದೆ.

*

ಓಮಿರ್ಜಾಕ್ ಅತಾ ಅಂಗಳದ ಜಿದೆ ಮರದ ಕೆಳಗೆ ಹಲಗೆ ಮಂಚದ ಮೇಲೆ ಕೂತಿದ್ದರು. ಹಳೆಯ ಜಿದೆಲಿಯಿಂದ ಬೇರುಸಹಿತ ಬಂದು ಬದುಕಿದ ಒಂದೇ ಮರ ಅದು. ಮೇ ತಿಂಗಳು, ಹೂ ಬಿಟ್ಟಿತ್ತು. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಒಂದೇ ಚಿತ್ರ: ಅಪ್ಪ ನಮ್ಮ ಮನೆಯ ಬಾಗಿಲನ್ನು ಚಿಲಕದ ಸಮೇತ ಕಳಚಿ ಬೆನ್ನ ಮೇಲೆ ಹೊತ್ತು ನಡೆಯುತ್ತಿರುವುದು. ಮುಖ ಕಾಣುವುದಿಲ್ಲ. ಬಾಗಿಲು ಮಾತ್ರ ಕಾಣುತ್ತದೆ.

“ಬಾ ಬಾ ಪೊಲೀಸು,” ಅತಾ ಅಪ್ಕೆಯ ಗಂಟು ನೋಡಿ ನಕ್ಕರು. “ಏನು ತಂಗಿ, ನನ್ನ ಹಲ್ಲು ಎಷ್ಟು ಉಳಿದಾವೆ ಅಂತ ಲೆಕ್ಕಾನಾ?”

“ಹಲ್ಲಿನ ಮೇಲೆ ಅನುಮಾನ ಇಲ್ಲ ಅಗಾ. ನಾಲಿಗೆ ಮೇಲಿದೆ.” ನನಗೆ ಅತಾ ಆದವರು ಅಪ್ಕೆಗೆ ಅಗಾ, ಅಂದರೆ ಅಣ್ಣ.

“ಅದಿನ್ನೂ ಹರಿತವಾಗಿದೆ, ಹುಷಾರು.”

ಅವರ ಮಗ ಆಬಿಲ್ ಚಹಾ ತಂದಿಟ್ಟು ಕೂತ. ಐವತ್ತೆಂಟು ವರ್ಷ, ನಾಲ್ಕು ಮೊಮ್ಮಕ್ಕಳು. ಅಪ್ಕೆ ಗಂಟು ಬಿಚ್ಚಿ ಹಬೆಯಾಡುವ ತಲೆಯನ್ನು ತಟ್ಟೆಗಿಟ್ಟು, ಮೂತಿ ತಿರುಗಿಸಿ, ಆಬಿಲನ ಮುಂದಿಟ್ಟರು. ಮೇಲೆ ಚಾಕು.

“ಕೊಯ್ಯಪ್ಪ.”

ಆಬಿಲ್ ಹಾವು ಕಂಡವನಂತೆ ಹಿಂದಕ್ಕೆ ಜರಗಿದ. “ಏನ್ ಅಪ್ಕೆ ಇದು? ಅಪ್ಪ ಇಲ್ಲೇ ಕೂತಿದ್ದಾರೆ!”

“ಅವರು ಪಟ್ಟಣಕ್ಕೆ ಹೋಗಿದ್ದಾರೆ ಅಂದ್ಕೋ.”

“ಚಂದ್ರನ ಮೇಲೆ ಹೋಗಿದ್ರೂ ಆಗಲ್ಲ!”

“ಅತಿಥಿ ಹೆದರ್ಕೊಂಡು ನಿನ್ನ ಕಡೆ ತಳ್ಳಿದ್ರೆ?”

“ಹಂಗೇ ಇರ್ಲಿ. ಮುಟ್ಟಲ್ಲ.”

“ಹೋಗ್ಲಿ, ಬರೀ ಪಟಕ್ಕೆ. ಜಾನಬಿಲ್, ಫೋನ್ ತೆಗಿಯೋ. ಸುಮ್ನೆ ಚಾಕು ಹಿಡ್ಕೊ ಸಾಕು.”

“ಪಟಕ್ಕೂ ಬೇಡ!” ಆಬಿಲನ ಧ್ವನಿ ಏರಿತು. “ಅದನ್ನ ನೋಡಿದೋರು ನಮ್ಮಪ್ಪ ಸತ್ರು ಅಂದ್ಕೊಳಲ್ವಾ?”

ಜೇನುಹುಳಗಳು ಮಾತ್ರ ಕೆಲಸ ಮಾಡುತ್ತಿದ್ದವು.

“ಅಂದ್ಕೋತಾರೆ,” ಅಂದರು ಅಪ್ಕೆ. ಪಟವನ್ನು ತೆಗೆದು ಚಹಾ ಬಟ್ಟಲುಗಳ ನಡುವೆ ಇಟ್ಟರು.

ಅತಾ ನೋಡಿದರು. “ಆಬಿಲ್, ಹೋಗಿ ಕುದುರೆಗೆ ನೀರು ತೋರಿಸು.”

“ತೋರ್ಸಿದೀನಿ ಅಪ್ಪ.”

“ಇನ್ನೊಂದ್ಸಲ ತೋರ್ಸು.”

ಅವನು ಹೋದ ಮೇಲೆ ಅವರು ಪಟದ ತುದಿಯನ್ನು ಬೆರಳಿನಿಂದ ಸವರಿದರು. “ಬೆಕ್ಕರ್ ಮೇಷ್ಟ್ರ ಕೈ ಚೆನ್ನಾಗಿತ್ತು. ನಾನು ಒಂದು ಪಟ ಕದ್ದೆ, ಆ ಪುಣ್ಯಾತ್ಮ ಇನ್ನೊಂದು ಇಟ್ಟಿದ್ನಲ್ಲ.”

“ಬೇರೇನೂ ಹೇಳೋದಿಲ್ವಾ?”

“ತಟ್ಟೆ ಎಂಜಿನಿಯರ್ ತಳ್ಳಿದ್ದು. ತಳ್ಳಿದ ಕಡೆ ಬಂತು. ಅದಕ್ಕೇನು ಅರ್ಥ?”

“ತಟ್ಟೆ ಬರುತ್ತೆ ಅಗಾ. ಚಾಕು ತಾನಾಗಿ ಕೈಗೆ ಬರಲ್ಲ. ಕೆನ್ನೆ ಕೊಯ್ದಿದ್ದಾನೆ, ನೋಡಿ.”

ಅತಾ ನಕ್ಕರು. ಸೋತವರ ನಗು ಅಲ್ಲ. ಬಹಳ ದಿನದಿಂದ ಬರಬೇಕಿದ್ದ ನೆಂಟ ಕೊನೆಗೂ ಬಾಗಿಲಲ್ಲಿ ನಿಂತಾಗಿನ ನಗು.

“ಹಿರಿಯರು ಹೋಗಿ ಒಂದು ತಿಂಗಳಾಗಿತ್ತು. ಗೋರಿ ಕಾಗದಕ್ಕೆ ಹಿರಿಯರ ಸಹಿ ಇಲ್ದೆ ಲಾರಿ ಕಳಿಸಲ್ಲ ಅಂದ ಆ ಎಂಜಿನಿಯರ್. ಹಿಮ ಬೀಳೋಕೆ ಎರಡು ವಾರ. ಹೊಸ ಜಾಗದಲ್ಲಿ, ಮೊದ್ಲೇ ಗಾಡೀಲಿ ಹೋದೋರ ಮಕ್ಕಳು ಡೇರೆಯಲ್ಲಿ ಕೆಮ್ಮುತಾ ಇದ್ವು. ಸತ್ತೋರು ಸ್ಥಳಾಂತರ ಆದ್ರು ಅಂತ ಬರೆದ್ರೆ ಬದುಕಿರೋರು ಸ್ಥಳಾಂತರ ಆಗ್ತಾರೆ. ಆಗ ನಂಗೆ ಮೂವತ್ತಮೂರು ವರ್ಷ ತಂಗಿ. ಆ ವಯಸ್ಸಲ್ಲಿ ಅದು ಲಾಭದ ವ್ಯಾಪಾರ ಅನ್ಸುತ್ತೆ.”

“ಸರಿ. ಎಂಟು ವರ್ಷದ ಹಿಂದೆ ಕಾಗದ ಸಿಕ್ಕಾಗ?”

ಅವರು ಚಹಾ ಬಟ್ಟಲನ್ನು ಪಟದಿಂದ ದೂರ ಸರಿಸಿದರು.

“ಬಾತಿಮಾ ರೊಟ್ಟಿ ಊರಲ್ಲಿ ಯಾರೂ ಮುಟ್ಟಲ್ಲ.”

“ನಾನು ಮುಟ್ತೀನಿ. ಒಂದು ಶುಕ್ರವಾರಾನೂ ಬಿಟ್ಟಿಲ್ಲ.”

“ಅದಕ್ಕೇ ನಿಮ್ಮ ಮೇಲೆ ಕಣ್ಣು ಬಿದ್ದಿದ್ದು. ಹಿರಿಯರು ಅನ್ನಿಸ್ಕೊಂಡು, ತಲೆ ಇಡಿಸ್ಕೊಂಡು ತಿಂತಿದ್ದೀರಲ್ಲ, ಗಂಟಲಲ್ಲಿ ಹೆಂಗೆ ಇಳೀತಿತ್ತು?”

ಅಪ್ಕೆಯ ಮಾತು ನನಗೇ ಚುಚ್ಚಿತು. ಈ ಮುದುಕ ನನಗೆ ಸೈಕಲ್ ಕಲಿಸಿದವರು. ಹಳೆಯ ಜಿದೆಲಿಯ ಬೀದಿಗಳನ್ನು ಹಿಟ್ಟಿನ ಮೇಲೆ ಬೆರಳಿನಲ್ಲಿ ಗೀಚಿ ತೋರಿಸಿದವರು. ನನ್ನ ತಲೆಯಲ್ಲಿರುವ ಊರು ಅವರು ಕಟ್ಟಿದ್ದು.

“ಬರ್ಕೊಡಿ,” ಅಪ್ಕೆ ಕಾಗದ, ಪೆನ್ನು ಮುಂದಿಟ್ಟರು. “ಸಹಿ ನಂದು, ಬೈಸಾಲ್‌ದಲ್ಲ ಅಂತ. ಸಂಜೆ ಒಳಗೆ ಕಲ್ಲಿನ ಮೇಲೆ ಹೆಸರು ಬೀಳಬೇಕು.”

“ಬರ್ಕೊಡ್ತೀನಿ.” ಅವರು ನಿಜವಾಗಿಯೂ ಪೆನ್ನು ಕೈಗೆತ್ತಿಕೊಂಡರು. “ಆದ್ರೆ ಇದನ್ನ ಓದಿದ ಕೂಡ್ಲೇ ಬಾತಿಮಾ ಕೇಳೋ ಮೊದಲನೇ ಪ್ರಶ್ನೆ ಏನು ಅಂತ ಯೋಚನೆ ಮಾಡಿದ್ದೀಯಾ?”

ಅಪ್ಕೆ ಹಣೆಯ ಮೇಲಿದ್ದ ಕನ್ನಡಕವನ್ನು ಕೆಳಗಿಳಿಸಿದರು. ಅವರಿಗೂ ನನಗೂ ಒಂದೇ ಹೊತ್ತಿಗೆ ಹೊಳೆದಿರಬೇಕು.

ಬೈಸಾಲ್ ಅತಾ ಸೆಪ್ಟೆಂಬರಿನಲ್ಲೇ ಸತ್ತಿದ್ದರೆ ಅವರನ್ನು ಮಣ್ಣು ಮಾಡಿದ್ದು ಹಳೆಯ ಊರಿನಲ್ಲಿ. ಅವರೂ ಈಗ ನೀರಿನಡಿ. ಹೊಸ ಖಬರಸ್ತಾನದ ಮೊದಲ ಗೋರಿ, ಬಾತಿಮಾ ಐವತ್ತು ವರ್ಷದಿಂದ ಕಸ ಗುಡಿಸಿ, ಕೈ ಎತ್ತಿ ಪ್ರಾರ್ಥನೆ ಮಾಡುತ್ತಿರುವ ಗೋರಿ, ಅವರದಲ್ಲ.

“ಖಾಲಿ,” ಅಂದರು ಅಪ್ಕೆ ಕೊನೆಗೆ. “ಸುಳ್ಳು ತಾರೀಖು ನಿಲ್ಲಿಸೋಕೆ ಖಾಲಿ ಗೋರಿ ಕಟ್ಟಿಸಿದ್ರಿ.”

“ಥೂ!” ಅತಾ ಪೆನ್ನು ಕೆಳಗಿಟ್ಟರು. ಮೊದಲ ಸಲ ಅವರಿಗೆ ಸಿಟ್ಟು ಬಂದಿತ್ತು. “ಖಾಲಿ ಗೋರಿ ಮುಂದೆ ಒಬ್ಬ ಹೆಣ್ಣುಮಗಳನ್ನ ಐವತ್ತು ವರ್ಷ ಕೂರಿಸೋ ಅಂಥ ಪಾಪಿ ಅಂದ್ಕೊಂಡ್ಯಾ ನನ್ನ?”

ಅಂಗಳದ ಬಾಗಿಲು ಕಿರ್ ಎಂದಿತು.

ಮೊದಲು ಕರಿದ ಎಣ್ಣೆಯ ವಾಸನೆ ಬಂತು, ಆಮೇಲೆ ಬಾತಿಮಾ. ಬಿಳಿ ತಲೆವಸ್ತ್ರ, ಕಂಕುಳಲ್ಲಿ ಬಟ್ಟೆಯ ಗಂಟು. “ಗೋರಿಗೆ ಹೊರಟಿದ್ದೆ ಅಗಾ. ಎಂದಿನ ಹಾಗೆ ಮೊದ್ಲು ನಿಮಗೆ. ಬಿಸಿ ಇದೆ, ತಗೊಳ್ಳಿ.” ನಮ್ಮನ್ನು ನೋಡಿ ಮುಖ ಅರಳಿತು. “ಕುಲ್ಯಾಶ್, ನೀನೂ ಇಲ್ಲೇ ಇದ್ದೀಯಾ? ಏನಾದ್ರೂ ಸಿಕ್ತೇನೆ? ಕಲ್ಲುಕುಟಿಗ ಸಾಮಾನು ಕಟ್ತಾ ಇದ್ದಾನೆ.”

ಪಟವನ್ನು ಮುಚ್ಚಲು ನಾನು ಕೈ ಚಾಚಿದೆ. ತಡವಾಗಿತ್ತು. ಅವಳು ಬಗ್ಗಿದಳು, ಕಣ್ಣು ಕಿರಿದು ಮಾಡಿದಳು.

“ಅಯ್ಯೋ, ನಮ್ಮಣ್ಣ! ಎಷ್ಟು ಚಿಕ್ಕವನಿದ್ದಾನೆ ನೋಡು...” ಬೆರಳು ಅಣ್ಣನ ಮುಖದಿಂದ ಚಾಕುವಿಗೆ ಇಳಿಯಿತು, ಚಾಕುವಿನಿಂದ ತಟ್ಟೆಗೆ. ಅಲ್ಲಿ ನಿಂತಿತು. ನಮಗೆ ಭೂತಗನ್ನಡಿ, ನೋಟುಬುಕ್ಕು, ಹನ್ನೊಂದು ದಿನ ಬೇಕಾದದ್ದು ಅವಳಿಗೆ ಒಂದು ಉಸಿರಿನಷ್ಟು ಹೊತ್ತು.

“ಇದು ಯಾವತ್ತಿನದು?”

ಅಪ್ಕೆ ಸುಳ್ಳು ಹೇಳುವವರಲ್ಲ. “ಅಕ್ಟೋಬರ್ ಮೂರು.”

ಬಾತಿಮಾ ತುಟಿ ಅಲ್ಲಾಡಿಸುತ್ತ ದಿನ ಎಣಿಸಿದಳು. ತಂದೆಯ ಹೆಸರು ಉಳಿಯಿತೆಂದು ಅವಳಿಗೆ ತಿಳಿಯಿತು; ಮುಖದಲ್ಲಿ ಅದು ಮೂಡಿದ್ದನ್ನು ನಾನು ಕಂಡೆ. ಮರುಕ್ಷಣ ಇನ್ನೊಂದು ತಿಳಿಯಿತು. ಗಂಟನ್ನು ಎದೆಗೆ ಒತ್ತಿಕೊಂಡಳು.

“ಅಗಾ,” ಮೆಲ್ಲಗೆ ಕೇಳಿದಳು, “ಹಾಗಾದ್ರೆ ಇಷ್ಟು ವರ್ಷ ನಾನು ಯಾರಿಗೆ ರೊಟ್ಟಿ ಕೊಟ್ಟೆ?”

ಓಮಿರ್ಜಾಕ್ ಅತಾ ಅವಳನ್ನು ನೋಡಲಿಲ್ಲ. ಅಪ್ಕೆಯನ್ನೂ ನೋಡಲಿಲ್ಲ. ಪಟದ ಬಲತುದಿಯನ್ನು, ಸಮೋವಾರ್ ಹೊತ್ತು ನಗು ತಡೆಯುತ್ತ ನಿಂತ ನನ್ನ ಅಮ್ಮನನ್ನು ನೋಡಿದರು.

ಆಮೇಲೆ ಎರಡೂ ಕೈಯಿಂದ ತಟ್ಟೆಯನ್ನು ಹಿಡಿದು ಎತ್ತಿದರು. ಆಬಿಲ್ ಮುಟ್ಟದೆ ಬಿಟ್ಟ ತಲೆಯ ಮೂತಿಯನ್ನು ನಿಧಾನವಾಗಿ ತಿರುಗಿಸಿ, ಅಪ್ಪ ಬದುಕಿದ್ದಾನೆಂದು ಐವತ್ತನಾಲ್ಕು ವರ್ಷ ಕಿವಿ ತಿಂದ ನನ್ನ ಮುಂದಿಟ್ಟು, ಚಾಕುವಿನ ಹಿಡಿಯನ್ನು ನನ್ನ ಕಡೆ ಚಾಚಿದರು.